ಅರಿವಿಗೆ ಮರೆಯಾದ ಮನೋವ್ಯಾಪಾರ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಚಾಮರಾಜಪೇಟೆಯಲ್ಲಿ ಬಹುಕಾಲ ವಾಸವಾಗಿದ್ದು, ಈಚೆಗೆ ಮಲ್ಲೇಶ್ವರಕ್ಕೆ ಬಿಡಾರ ಬದಲಾಯಿಸಿದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಸಂಜೆ ಕಚೇರಿಯಿಂದ ಹೊರಟ ಅವನ ಚಿತ್ತವೆಲ್ಲ ಮಗಳ ಮದುವೆಯ ಖರ್ಚಿನ ಲೆಕ್ಕದಲ್ಲಿ ಮುಳುಗಿದೆ. ಕಣ್ಣೆತ್ತಿ ನೋಡುವ ವೇಳೆಗೆ ಅವನು ನಿಂತಿರುವುದು ಚಾಮರಾಜಪೇಟೆಯ ಹಳೆಯ ಮನೆಯ ಬಾಗಿಲಲ್ಲಿ! ನಡುವೆ ಅವನು ರಸ್ತೆ ದಾಟಿದ್ದಾನೆ, ಎದುರಾದ ವಾಹನಕ್ಕೆ ಪಕ್ಕಕ್ಕೆ ಸರಿದಿದ್ದಾನೆ, ತಿರುವು ಬಂದಲ್ಲಿ ತಪ್ಪದೆ ತಿರುಗಿದ್ದಾನೆ. ಇಷ್ಟನ್ನೂ ಮಾಡಿದವನು ಅವನೇ. ಮಾಡಿದ್ದೇನೆಂಬ ಅರಿವು ಮಾತ್ರ ಅವನಿಗಿಲ್ಲ.

ಇದು ನಗೆಯ ಪ್ರಸಂಗವಾಗಿ ಕಂಡರೂ ಇದರ ಹಿಂದೆ ಗಂಭೀರವಾದೊಂದು ಪ್ರಶ್ನೆಯಿದೆ. ಮನುಷ್ಯನ ದಿನಚರಿಯಲ್ಲಿ ಬಹುಭಾಗ ಹೀಗೆ ಅರಿವಿನ ಮರೆಯಲ್ಲಿಯೇ ನಡೆಯುವುದಾದರೆ, ತಾನರಿಯದೆ ನಡೆದ ನಡೆಗೆ, ಆಡಿದ ನುಡಿಗೆ ಅವನು ಹೊಣೆಯೇ? ಹೊಣೆಯಲ್ಲವೆಂದರೆ ಧರ್ಮಕ್ಕೆ ಉಳಿಯುವ ನೆಲ ಬಹು ಸಣ್ಣದು. ಹೊಣೆಯೆಂದರೆ, ತಿಳಿಯದೆ ಮಾಡಿದ್ದನ್ನು ತಿದ್ದುವ ದಾರಿ ಯಾವುದು?

ಮೊದಲು ಈ ವ್ಯಾಪಾರದ ಸ್ವರೂಪವನ್ನು ನೋಡಬೇಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲಿ ಬೆರಳಚ್ಚು ಕಲಿಸುವ ಶಾಲೆಗಳ ಟಕಟಕ ಸದ್ದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿತ್ತು. ಎಸ್.ಎಸ್.ಎಲ್.ಸಿ. ಮುಗಿಸಿದ ತರುಣ ತರುಣಿಯರು ಗುಮಾಸ್ತೆಯ ಕೆಲಸದ ಆಸೆಯಿಂದ ಅಲ್ಲಿ ‘ಎ, ಎಸ್, ಡಿ, ಎಫ್’ ಎಂದು ಒಂದೇ ಸಾಲನ್ನು ಪುಟಗಟ್ಟಲೆ ಕುಟ್ಟುತ್ತಿದ್ದರು. ಮೊದಮೊದಲು ಪ್ರತಿಯೊಂದು ಅಕ್ಷರಕ್ಕೂ ಬೆರಳನ್ನು ಹುಡುಕಿ ಕಳುಹಿಸಬೇಕು. ಕೆಲವು ತಿಂಗಳು ಕಳೆದರೆ ಕಣ್ಣು ಮೂಲಪತ್ರದ ಮೇಲಿರುತ್ತದೆ, ಬೆರಳು ತನ್ನಷ್ಟಕ್ಕೆ ಓಡುತ್ತದೆ. ತಂತಿ ಕಲಿಯುವವರ ಮೇಲೆ ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ವಿದ್ವಾಂಸರು 1897 ಮತ್ತು 1899ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದೇ ಕ್ರಮವನ್ನು ತೋರಿಸಿದುವು: ಮೊದಲು ಅಕ್ಷರ, ಆಮೇಲೆ ಪದ, ಅನಂತರ ಪದಗಳ ಸಮೂಹ. ಕೆಳಗಿನ ಮೆಟ್ಟಿಲು ಅಭ್ಯಾಸವಾಗಿ ಅರಿವಿನಿಂದ ಜಾರಿದ ಮೇಲೆಯೇ ಮೇಲಿನ ಮೆಟ್ಟಿಲು ದಕ್ಕುತ್ತದೆ.

ಬೆರಳಿಗೆ ತಿಳಿದದ್ದು ಬೆರಳಿನ ಒಡೆಯನಿಗೆ ತಿಳಿದಿರಲೇಬೇಕೆಂದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಿಮಿಷಕ್ಕೆ ಸರಾಸರಿ 72 ಪದಗಳನ್ನು ಬೆರಳಚ್ಚಿಸಬಲ್ಲವರ ಮುಂದೆ ಬರಿದಾದ ಕೀಲಿಮಣೆಯ ಚಿತ್ರವನ್ನಿಟ್ಟು, ಅಕ್ಷರಗಳನ್ನು ತುಂಬುವಂತೆ ಹೇಳಲಾಯಿತು. 26 ಅಕ್ಷರಗಳಲ್ಲಿ ಅವರು ಸರಿಯಾಗಿ ತುಂಬಿದ್ದು ಸರಾಸರಿ 15 ಮಾತ್ರ. 2010ರಲ್ಲಿ ಲೋಗನ್ ಮತ್ತು ಕ್ರಂಪ್ ಎಂಬವರು ಇನ್ನೊಂದು ಪರೀಕ್ಷೆ ಮಾಡಿದರು. ಬೆರಳಚ್ಚುಗಾರನು ಮಾಡಿದ ಕೆಲವು ತಪ್ಪುಗಳನ್ನು ಯಂತ್ರವು ಗುಟ್ಟಾಗಿ ತಿದ್ದಿತು. ಅವನು ಮಾಡದ ಕೆಲವು ತಪ್ಪುಗಳನ್ನು ತೆರೆಯ ಮೇಲೆ ಸೇರಿಸಿತು. ತೆರೆಯ ಮೇಲೆ ಸರಿ ಕಂಡದ್ದನ್ನು ಅವನು ತನ್ನ ಹಿರಿಮೆಯೆಂದುಕೊಂಡ, ತಪ್ಪು ಕಂಡದ್ದನ್ನು ತನ್ನ ದೋಷವೆಂದುಕೊಂಡ. ಆದರೆ ಬೆರಳುಗಳು ಮೋಸಹೋಗಲಿಲ್ಲ. ನಿಜವಾಗಿ ತಪ್ಪಿದ ಕಡೆ ಮಾತ್ರ ಅವು ಒಂದು ಕ್ಷಣ ತಡೆದು ನಡೆದುವು. ‘ನಾನು ಮಾಡಿದೆ’ ಎಂಬ ಅಹಂಕಾರ ಎಷ್ಟು ಸುಲಭವಾಗಿ ಏಮಾರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ನೆನಪಿಲ್ಲದೆಯೂ ಕಲಿಕೆ ಉಂಟೆಂಬುದನ್ನು ವೈದ್ಯಶಾಸ್ತ್ರವೂ ಕಂಡಿದೆ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ತರುಣನಿಗೆ ಮೂರ್ಛೆರೋಗದ ಪರಿಹಾರಕ್ಕಾಗಿ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ, ಕನ್ನಡಿಯಲ್ಲಿ ಕಾಣುವ ಕೈಯನ್ನು ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದುವ ಕೆಲಸವನ್ನು ಅವನಿಗೆ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿದಿನವೂ ಅವನಿಗೆ ಅದು ಹಿಂದೆಂದೂ ಮಾಡದ ಹೊಸ ಕೆಲಸ! ನೆನೆಯುವ ಸ್ಮೃತಿ ಒಂದು, ಕೈಗೆ ಹತ್ತುವ ಸಂಸ್ಕಾರ ಇನ್ನೊಂದು ಎಂಬುದು ಹೀಗೆ ಖಚಿತವಾಯಿತು.

ಬೆಂಗಳೂರಿನ ಕನ್ನಡಿಗರಿಗೆ ಅರಿವಿನಾಚೆಯ ಮನಸ್ಸಿನ ವಿಷಯ ಹೊಸದಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಬರೆದ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಫ್ರಾಯ್ಡ್ ಹೇಳಿದ ಸುಪ್ತಚಿತ್ತವು ಅದುಮಿಟ್ಟ ಆಸೆಗಳ ನೆಲಮಾಳಿಗೆ. ಇಲ್ಲಿ ಪ್ರಸ್ತುತವಾದುದು ಅಷ್ಟು ಗೂಢವಾದದ್ದಲ್ಲ. ಅಭ್ಯಾಸಬಲದಿಂದ ಅರಿವಿನ ಅಪ್ಪಣೆ ಕೇಳದೆ ನಡೆಯುವ ಮನೆಗೆಲಸ.

ಈ ಮನೆಗೆಲಸದಿಂದ ಬರುವ ಲಾಭ ದೊಡ್ಡದು. ಕನ್ನಡದಲ್ಲಿ ಅವಧಾನಕಲೆಗೆ ಮರುಜೀವ ಕೊಟ್ಟ ಶತಾವಧಾನಿ ಡಾ. ರಾ. ಗಣೇಶ್ ಅವರ ಅವಧಾನಗಳನ್ನು ಕಂಡವರಿಗೆ ಇದು ಬೇಗ ಮನವರಿಕೆಯಾಗುತ್ತದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು. ಒಬ್ಬರು ಅಕ್ಷರವನ್ನು ನಿಷೇಧಿಸುತ್ತಾರೆ, ಒಬ್ಬರು ಸಮಸ್ಯೆಯೊಡ್ಡುತ್ತಾರೆ, ಇನ್ನೊಬ್ಬರು ಅಪ್ರಸ್ತುತ ಪ್ರಸಂಗದಿಂದ ಚಿತ್ತ ಕದಡಲು ನೋಡುತ್ತಾರೆ. ಛಂದಸ್ಸಿನ ಮಾತ್ರೆಗಳನ್ನು ಬೆರಳೆಣಿಸಿ ಕೂಡಿಸುವವನಿಗೆ ಇಂತಹ ಸಭೆಯಲ್ಲಿ ಪದ್ಯ ಹೊಳೆಯದು. ಲಯವು ಉಸಿರಿನಷ್ಟು ಸಹಜವಾದವನಿಗೆ ಮಾತ್ರ ಅರ್ಥದ ಕಡೆಗೆ ಗಮನ ಹರಿಸುವ ಬಿಡುವು ದೊರೆಯುತ್ತದೆ. ಅಭ್ಯಾಸವು ಅರಿವನ್ನು ಕೊಲ್ಲುವುದಿಲ್ಲ. ಅದನ್ನು ಮೇಲಿನ ಕೆಲಸಕ್ಕೆ ಬಿಡುಗಡೆ ಮಾಡುತ್ತದೆ.

ಆದರೆ ಇದೇ ಶಕ್ತಿ ಕೇಡನ್ನೂ ಮಾಡಬಲ್ಲದು. ‘ಕೆಂಪು’ ಎಂಬ ಪದವನ್ನು ಹಸಿರು ಮಸಿಯಲ್ಲಿ ಬರೆದು, ಮಸಿಯ ಬಣ್ಣವನ್ನು ಹೇಳೆಂದರೆ ಓದುಬಲ್ಲವನ ನಾಲಗೆ ತಡವರಿಸುತ್ತದೆ. ಸ್ಟ್ರೂಪ್ ಎಂಬವರು 1935ರಲ್ಲಿ ಇಂತಹ ಪರೀಕ್ಷೆಯನ್ನು ಪ್ರಕಟಿಸಿದರು. ಓದಬಾರದೆಂದರೂ ಕಣ್ಣು ಓದಿಬಿಡುತ್ತದೆ. ಮನುಷ್ಯರನ್ನು ಓದುವುದೂ ಹೀಗೆಯೇ. ಬಾಗಿಲಿಗೆ ಬಂದವನ ಉಡುಪು, ಮೈಬಣ್ಣ, ಮಾತಿನ ರಾಗ ಕಂಡೊಡನೆ, ವಿಚಾರ ಎಚ್ಚರಗೊಳ್ಳುವ ಮೊದಲೇ ಮನಸ್ಸು ತೀರ್ಪು ಕೊಟ್ಟಿರುತ್ತದೆ. ಒಬ್ಬನಿಗೆ ‘ಬನ್ನಿ, ಕುಳಿತುಕೊಳ್ಳಿ’, ಇನ್ನೊಬ್ಬನಿಗೆ ‘ಏನಯ್ಯ?’ ತಾನು ಭೇದ ಮಾಡಿದೆನೆಂದು ಯಜಮಾನನಿಗೆ ತಿಳಿಯದು. ಬಾಗಿಲಲ್ಲಿ ನಿಂತವನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅದನ್ನು ಕಂಡ ಮನೆಯ ಮಗುವೂ ಯಾರೂ ಪಾಠ ಹೇಳದೆ ಆ ಪಾಠವನ್ನು ಕಲಿತುಬಿಡುತ್ತದೆ.

ಇಲ್ಲಿ ಜೈನ ಜ್ಞಾನಮೀಮಾಂಸೆಯ ಒಂದು ಎಳೆ ನೆರವಿಗೆ ಬರುತ್ತದೆ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳುತ್ತದೆ. ಏನೋ ಒಂದು ಎಂಬ ಮೊದಲ ಗ್ರಹಣ, ಏನಿರಬಹುದೆಂಬ ವಿಚಾರ, ಇದೇ ಎಂಬ ನಿಶ್ಚಯ, ಅದರ ನೆಲೆಗೊಳಿಕೆ. ಅವಧಾನಿಯು ಕೊನೆಯಲ್ಲಿ ಪದ್ಯಗಳನ್ನು ನೆನಪಿನಿಂದ ಒಪ್ಪಿಸುವುದಕ್ಕೂ ಧಾರಣವೆಂದೇ ಹೆಸರು. ಅವಗ್ರಹದಲ್ಲಿಯೂ ಎರಡು ಬಗೆ. ಅವ್ಯಕ್ತವಾದುದು ವ್ಯಂಜನಾವಗ್ರಹ, ಅದು ಕಣ್ಣಿಗೂ ಮನಸ್ಸಿಗೂ ಇಲ್ಲ, ಉಳಿದ ಇಂದ್ರಿಯಗಳಿಗೆ ಉಂಟು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಹೊಸ ಮಣ್ಣಿನ ಪಾತ್ರೆಯ ದೃಷ್ಟಾಂತವನ್ನು ಕೊಡುತ್ತಾರೆ. ಎರಡು ಮೂರು ಹನಿ ಚಿಮುಕಿಸಿದರೆ ಪಾತ್ರೆ ಒದ್ದೆಯಾದಂತೆ ಕಾಣುವುದಿಲ್ಲ. ಮತ್ತೆ ಮತ್ತೆ ಚಿಮುಕಿಸಿದರೆ ಮೆಲ್ಲಗೆ ತೇವ ತೋರುತ್ತದೆ. ಆಚಾರ್ಯರ ಉದ್ದೇಶ ಜ್ಞಾನದ ವಿಭಾಗ. ಆಧುನಿಕರ ವಿಧಾನ ಪ್ರಯೋಗ. ಎರಡೂ ಒಂದೇ ಎನ್ನುವುದು ಸಲ್ಲದು. ಆದರೂ ಮೊದಲ ಹನಿ ಕಾಣದಿದ್ದ ಮಾತ್ರಕ್ಕೆ ಅದು ಪಾತ್ರೆಗೆ ಇಳಿಯಲಿಲ್ಲವೆಂದಲ್ಲ ಎಂಬ ಸೂಕ್ಷ್ಮವನ್ನು ಆ ದೃಷ್ಟಾಂತ ಹಿಡಿದಿದೆ.

ಹೊಣೆಯ ಪ್ರಶ್ನೆಗೆ ಉತ್ತರವೂ ಈ ಹನಿಗಳಲ್ಲಿಯೇ ಇದೆ. ಥಟ್ಟನೆ ಹೊರಟ ನುಡಿಯನ್ನು ಆ ಕ್ಷಣದಲ್ಲಿ ತಡೆಯುವುದು ಮನುಷ್ಯನ ಕೈಯಲ್ಲಿ ಇಲ್ಲದಿರಬಹುದು. ಆದರೆ ಆ ನುಡಿಯನ್ನು ಹದಮಾಡಿದ ಸಾವಿರ ಹನಿಗಳಲ್ಲಿ ಅನೇಕವನ್ನು ಅವನೇ ಚಿಮುಕಿಸಿಕೊಂಡದ್ದು. ಮುಂದಿನ ಹನಿಗಳನ್ನು ಆರಿಸಿಕೊಳ್ಳುವುದಂತೂ ಅವನ ಕೈಯಲ್ಲಿದೆ. ಶ್ರಾವಕರೂ ಮುನಿಗಳೂ ಮಾಡುವ ಪ್ರತಿಕ್ರಮಣದಲ್ಲಿ ತಿಳಿದು ಮಾಡಿದ ದೋಷಕ್ಕೆ ಮಾತ್ರವಲ್ಲ, ತಿಳಿಯದೆ ಆದ ದೋಷಕ್ಕೂ ಪಶ್ಚಾತ್ತಾಪವುಂಟು. ಮರೆಯಲ್ಲಿ ನಡೆದುದನ್ನು ದಿನಕ್ಕೊಮ್ಮೆಯಾದರೂ ಬೆಳಕಿಗೆ ತಂದು ನೋಡುವ ಏರ್ಪಾಡು ಅದು. ಮುನಿಗಳ ಈರ್ಯಾಸಮಿತಿ ಇನ್ನೂ ಒಂದು ಹೆಜ್ಜೆ ಮುಂದಿನದು. ನಡಿಗೆಗಿಂತ ಹೆಚ್ಚು ಯಾಂತ್ರಿಕವಾದ ಕ್ರಿಯೆ ಮನುಷ್ಯನಿಗೆ ಬೇರೆ ಯಾವುದಿದೆ? ಆ ನಡಿಗೆಯನ್ನೇ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಎಚ್ಚರದಿಂದ ಇಡುವುದು ಅದರ ವಿಧಿ. ಅಭ್ಯಾಸದಿಂದ ಎಚ್ಚರ ಹೋಗುವುದಷ್ಟೇ ಅಲ್ಲ, ಎಚ್ಚರವೇ ಅಭ್ಯಾಸವಾಗಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ.

ಕಡೆಯದಾಗಿ, ಹಿರಿಯರನ್ನು ಕಾಡುವ ಒಂದು ಶಂಕೆ. ಮಕ್ಕಳು ಣಮೋಕಾರ ಮಂತ್ರವನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆ. ಅರ್ಥ ತಿಳಿಯದ ಪಠಣದಿಂದ ಏನು ಫಲ ಎಂದು ಅನೇಕರು ಕೇಳುತ್ತಾರೆ. ಬೆರಳಚ್ಚು ಕಲಿಯುವವನ ಮೊದಲ ಸಾಲಿಗೂ ಅರ್ಥವಿರಲಿಲ್ಲ. ಬಾಯಿಪಾಠವಾದುದು ದೋಷವಲ್ಲ; ಬಾಯಿಪಾಠದಿಂದ ಬಿಡುವು ಪಡೆದ ಮನಸ್ಸು ಎಲ್ಲಿಗೆ ಹೋಗುತ್ತದೆಂಬುದೇ ವಿಚಾರಣೀಯ. ನಾಲಗೆ ಮಂತ್ರವನ್ನು ನೋಡಿಕೊಳ್ಳುತ್ತಿರುವಾಗ ಚಿತ್ತವು ಅಂಗಡಿಯ ಲೆಕ್ಕಕ್ಕೂ ಹೋಗಬಹುದು, ಅರ್ಥದ ಆಳಕ್ಕೂ ಇಳಿಯಬಹುದು. ಮಗುವಿಗೆ ಆ ಎರಡನೆಯ ದಾರಿಯನ್ನು ತೋರಿಸುವುದು ಹಿರಿಯರ ನಡತೆ. ಹೊಸದಾಗಿ ಪ್ರತಿಷ್ಠೆಗೊಂಡ ಈ ಬಸದಿಯ ಮೆಟ್ಟಿಲನ್ನು ಇನ್ನು ಮುಂದೆ ಎಷ್ಟೋ ಪುಟ್ಟ ಪಾದಗಳು ದಿನವೂ ಹತ್ತಲಿವೆ. ಕೆಲವು ವರ್ಷಗಳಲ್ಲಿ ಆ ಪಾದಗಳು ಮನಸ್ಸನ್ನು ಕೇಳದೆಯೇ ಇತ್ತ ತಿರುಗಲಿವೆ. ಹಾಗೆ ಬಂದ ಪಾದಗಳಿಗೆ ಇಲ್ಲಿ ಕಣ್ಣಿಗೆ ಕಾಣದೆ ಇಳಿಯುವ ಹನಿ ಯಾವುದೆಂಬುದನ್ನು ಇಂದು ನೆರೆದಿರುವ ಹಿರಿಯರೇ ನಿಶ್ಚಯಿಸಬೇಕಾಗಿದೆ.