ಕರೆಯೋಲೆ ಕರೆಯುವಂತಿರಲಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ತಾಲ್ಲೂಕು ಕೇಂದ್ರದಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡಿದ್ದೇನೆ. ಮೂವತ್ತು ವರ್ಷಗಳಿಂದ ಮದುವೆ, ಗೃಹಪ್ರವೇಶ, ನಾಮಕರಣ, ಹುಟ್ಟುಹಬ್ಬದ ಪತ್ರಿಕೆಗಳನ್ನು ಅಚ್ಚು ಹಾಕುತ್ತಾ ಬಂದಿದ್ದೇನೆ. ಆದ್ದರಿಂದ ನನಗೆ ಗೊತ್ತಿರುವ ವಿಷಯವನ್ನೇ ಮಾತಾಡುತ್ತೇನೆ. ಮಕ್ಕಳ ಹುಟ್ಟುಹಬ್ಬಕ್ಕೆ ಕರೆಯುವ ಪತ್ರಿಕೆಯನ್ನು ಹೇಗೆ ಬರೆಯಬೇಕು ಎಂಬುದೇ ಆ ವಿಷಯ. ಇದೂ ಒಂದು ಭಾಷಣವೇ ಎಂದು ನಗಬೇಡಿ, ಸ್ವಲ್ಪ ಕೇಳಿ.

ನಾನು ಕೆಲಸ ಕಲಿಯುವಾಗ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕಿತ್ತು. ಒತ್ತಕ್ಷರಕ್ಕೆ ಬೇರೆ ಮೊಳೆ ಹುಡುಕಬೇಕು. ಮಾತು ಹೆಚ್ಚಾದಷ್ಟೂ ಕೆಲಸ ಹೆಚ್ಚು, ಖರ್ಚೂ ಹೆಚ್ಚು. ಹಾಗಾಗಿ ಜನ ಬೇಕಾದಷ್ಟನ್ನೇ ಬರೆಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮಾತಿಗೆ ಖರ್ಚಿಲ್ಲ. ಈಗ ನನ್ನ ಅಂಗಡಿಗೆ ಬರುವ ಹುಟ್ಟುಹಬ್ಬದ ಪತ್ರಿಕೆಯಲ್ಲಿ ಮಗುವಿನ ನಾಲ್ಕು ಫೋಟೋ ಇರುತ್ತದೆ. ಸಂವತ್ಸರ, ಮಾಸ, ಪಕ್ಷ, ತಿಥಿ ಇರುತ್ತದೆ. 'ಸಕುಟುಂಬ ಸಪರಿವಾರ ಸಮೇತರಾಗಿ' ಎಂದಿರುತ್ತದೆ. ಶುಭ ಕೋರುವವರ ಹೆಸರುಗಳು ಎರಡು ಸಾಲಾಗಿ ಇಳಿದಿರುತ್ತವೆ. ಆದರೆ ಮನೆ ಎಲ್ಲಿದೆ, ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಹುಡುಕಬೇಕಾಗುತ್ತದೆ.

ಹೋದ ವರ್ಷ ಕೂಲಿ ಕೆಲಸದ ತಾಯಿಯೊಬ್ಬರು ಇಂಥದ್ದೊಂದು ಪತ್ರಿಕೆ ಹಿಡಿದು ನನ್ನ ಅಂಗಡಿಗೆ ಬಂದರು. ಮಗಳ ಸಹಪಾಠಿಯ ಹುಟ್ಟುಹಬ್ಬದ ಪತ್ರಿಕೆ ಅದು. "ಅಣ್ಣಾ, ಇದರಲ್ಲಿ ಬರೀ ಮಗೀನ ಕರ್ದವ್ರಾ, ನಮ್ಮನ್ನೂ ಕರ್ದವ್ರಾ? ಏನಾದ್ರೂ ತಗಂಡು ಹೋಗ್ಬೇಕಾ? ಎಷ್ಟೊತ್ತಿಗೆ ಮುಗೀತದೆ? ನಮ್ಮೂರಿಗೆ ಕೊನೇ ಬಸ್ಸು ಆರೂವರೆಗೆ" ಎಂದು ಕೇಳಿದರು. ಎರಡು ಸಲ ಓದಿದೆ. ಆಕೆ ಕೇಳಿದ ಒಂದಕ್ಕೂ ಅದರಲ್ಲಿ ಉತ್ತರ ಇರಲಿಲ್ಲ. "ಬಿಡಣ್ಣ, ಕಳಿಸಲ್ಲ" ಎಂದು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಕರೆದವರ ಮನಸ್ಸಿನಲ್ಲಿ ಪ್ರೀತಿ ಇತ್ತು. ಹೋಗಬೇಕೆಂಬ ಆಸೆ ಮಗುವಿಗೂ ಇದ್ದೇ ಇರುತ್ತದೆ. ಆದರೂ ಆ ಮಗು ಮನೆಯಲ್ಲೇ ಉಳಿಯಿತು.

ಅನುಕೂಲವಂತರಿಗೆ ಪತ್ರಿಕೆ ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತಾರೆ. ಬಡವರು ಕೇಳುವುದಕ್ಕೆ ಸಂಕೋಚಪಡುತ್ತಾರೆ, ಸುಮ್ಮನೆ ಹೋಗುವುದನ್ನೇ ಬಿಡುತ್ತಾರೆ. ಪತ್ರಿಕೆ ಬರೆಯುವಾಗ ಈ ಕೊನೆಯ ಮನೆಯವರನ್ನು ನೆನೆದು ಬರೆಯಿರಿ ಎಂಬುದೇ ನನ್ನ ಮಾತು.

ಮೊದಲು, ಕರೆಯುವುದು ಯಾರನ್ನು ಎಂದು ಹೇಳಿ. ಮಗುವನ್ನು ಮಾತ್ರವೋ, ತಮ್ಮ ತಂಗಿಯರನ್ನೂ ತಂದೆತಾಯಿಯನ್ನೂ ಸೇರಿಸಿಯೋ ತಿಳಿಯಲಿ. ತಾರೀಖಿನ ಜೊತೆಗೆ ವಾರವನ್ನೂ ಬರೆಯಿರಿ. ಒಂದರಲ್ಲಿ ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. ಬರೀ '12 ಗಂಟೆ' ಎನ್ನಬೇಡಿ, 'ಮಧ್ಯಾಹ್ನ 12 ಗಂಟೆ' ಎನ್ನಿ. ಹೊರಡುವ ಹೊತ್ತನ್ನೂ ಹೇಳಿ, ಬಸ್ಸು ಹಿಡಿಯುವವರಿಗೆ ಅದು ದೊಡ್ಡ ಉಪಕಾರ. ಬಾಗಿಲ ನಂಬರಿಗಿಂತ ನಮ್ಮ ಕಡೆ ಗುರುತು ಮುಖ್ಯ. ಗುಡಿ, ಅರಳಿಕಟ್ಟೆ, ಹಾಲಿನ ಡೇರಿ, ಯಾವುದಾದರೂ ಒಂದು ಗುರುತು ಕೊಡಿ. ಊಟವೋ, ಬರೀ ತಿಂಡಿಯೋ ತಿಳಿಸಿ. ಉಡುಗೊರೆ ಬೇಡವೆಂದಿದ್ದರೆ ನೇರವಾಗಿ ಬರೆಯಿರಿ. 'ಆಶೀರ್ವಾದವೇ ಉಡುಗೊರೆ' ಎಂಬ ಸಾಲು ಮದುವೆ ಪತ್ರಿಕೆಗೆ ಚೆನ್ನ. ಏಳನೇ ತರಗತಿಯ ಹುಡುಗ ತನ್ನ ಗೆಳೆಯನಿಗೆ ಏನು ಆಶೀರ್ವಾದ ಮಾಡುತ್ತಾನೆ?

ತಿಥಿ ನಕ್ಷತ್ರ ಬರೆಸಬೇಡಿ ಎಂದು ನಾನು ಹೇಳುವುದಿಲ್ಲ. ಅದು ಹಿರಿಯರ ಕ್ರಮ, ಇರಲಿ. ಮಗುವಿಗೆ ಬೇಕಾದ ವಿವರ ಮಾತ್ರ ಮೇಲೆ, ದೊಡ್ಡ ಅಕ್ಷರದಲ್ಲಿ ಇರಲಿ.

ಇನ್ನೊಂದು ಮಾತು. ಈಗ ವಾಟ್ಸಾಪ್ ಸ್ಟೇಟಸ್ ಹಾಕಿದರೆ ಕರೆದಂತೆ ಆಯಿತು ಎನ್ನುತ್ತಾರೆ. ಮನೆಯಲ್ಲಿ ಅಂಥ ಫೋನ್ ಇಲ್ಲದ ಮಗು ತರಗತಿಯಲ್ಲಿ ಮಾರನೇ ದಿನ ಕೇಕಿನ ಸುದ್ದಿ ಕೇಳುತ್ತಾ ಕೂರಬೇಕಾಗುತ್ತದೆ. ಕರೆಯದೆ ಹೋಗಬಾರದೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವಲ್ಲ! ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಮಕ್ಕಳೇ. ನೀವೇ ಹೀಗೆ ಬರೆಯಬಹುದು:

"ಪ್ರೀತಿಯ ಗೆಳತಿ, ಭಾನುವಾರ, 22 ಫೆಬ್ರವರಿ 2026ರಂದು ನನ್ನ ಹುಟ್ಟುಹಬ್ಬ. ಸಂಜೆ 4 ಗಂಟೆಗೆ ನಮ್ಮ ಮನೆಗೆ ಬಾ. ಮಾರಮ್ಮನ ಗುಡಿಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕದ ಹೆಂಚಿನ ಮನೆ. ಆಟವಾಡಿ, ತಿಂಡಿ ತಿಂದು 6 ಗಂಟೆಗೆ ಹೊರಡಬಹುದು. ನಿನ್ನ ತಮ್ಮನನ್ನೂ ಕರೆದುಕೊಂಡು ಬಾ. ಉಡುಗೊರೆ ತರಬೇಡ, ಯಾರೂ ತರುವುದಿಲ್ಲ. ಬರುತ್ತೀಯಾ ಎಂದು ಶುಕ್ರವಾರ ಶಾಲೆಯಲ್ಲಿ ಹೇಳು."

'ಯಾರೂ ತರುವುದಿಲ್ಲ' ಎಂಬ ಎರಡು ಪದಗಳನ್ನು ಗಮನಿಸಿ. ಬರಿಗೈಯಲ್ಲಿ ಬರುವ ಮಗುವಿಗೆ ಧೈರ್ಯ ಬರುವುದು ಅದರಿಂದ.

ಎಸ್‌ಎಸ್‌ಎಲ್‌ಸಿ ಕನ್ನಡ ಪರೀಕ್ಷೆಗಾಗಿ ಇದೇ ಶಾಲೆಯಲ್ಲಿ ಪತ್ರಲೇಖನ ಕಲಿತವರು ನಾವು. ಗುರುಗಳಲ್ಲಿ ನನ್ನದೊಂದು ಕೋರಿಕೆ: ರಜಾ ಅರ್ಜಿಯ ಜೊತೆಗೆ ಇಂಥ ಕರೆಯೋಲೆಯನ್ನೂ ಒಂದು ದಿನ ಬರೆಸಿ. ಊರಿನವರಲ್ಲಿ ಇನ್ನೊಂದು ಕೋರಿಕೆ: ಪತ್ರಿಕೆಯ ಪ್ರೂಫ್ ನೋಡಲು ಬರುವಾಗ ಮನೆಯ ಮಗುವನ್ನೂ ಕರೆತನ್ನಿ. ಎಲ್ಲಿಗೆ, ಯಾವತ್ತು, ಎಷ್ಟು ಹೊತ್ತಿಗೆ ಎಂದು ಅದು ತಡವರಿಸದೆ ಓದಿ ಹೇಳಿದರೆ ಅಚ್ಚು ಹಾಕೋಣ.