ಶೇಕಡಾ ನೂರರ ಆಚೆಗಿನ ಮನೆಗಳು



ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ‘ಶೇ. 100’ ಎಂದು ಬರೆದೊಡನೆ ಅದಕ್ಕೆ ಸತ್ಯದ ಮಾನ್ಯತೆ ದೊರೆತುಬಿಡುತ್ತದೆ. ಆದರೆ ಏನನ್ನು, ಯಾವಾಗ, ಎಷ್ಟು ಮನೆಗಳ ಪೈಕಿ ಎಣಿಸಲಾಯಿತು ಎಂಬುದನ್ನು ತಿಳಿಸದ ಅಂಕಿ ಅರೆಮಾತು ಮಾತ್ರ.

ಶೌಚಾಲಯಗಳ ಲೆಕ್ಕವೇ ಇದಕ್ಕೆ ನಿದರ್ಶನ. ಗ್ರಾಮೀಣ ಸ್ವಚ್ಛ ಭಾರತ ಅಭಿಯಾನವು 2012ರ ಮೂಲ ಸಮೀಕ್ಷೆಯ ಪಟ್ಟಿಯನ್ನು ಆಧರಿಸಿತ್ತು. ಆ ಪಟ್ಟಿಯಿಂದ ಬಿಟ್ಟುಹೋದ ಮನೆಗಳೂ, ಅನಂತರ ಪಾಲಾಗಿ ಬೇರೆ ಒಲೆ ಹೂಡಿದ ಸಂಸಾರಗಳೂ ಮೊದಲ ಗುರಿಯೊಳಗೆ ಇರಲಿಲ್ಲ. ಅವರಿಗಾಗಿ ಮುಂದೆ ಬೇರೆಯೇ ಪಟ್ಟಿ ಮಾಡಬೇಕಾಯಿತು. 2017ರ ಅಕ್ಟೋಬರ್ ವೇಳೆಗೆ ಗುಜರಾತಿನ ಎಲ್ಲ ಜಿಲ್ಲೆಗಳೂ ಬಯಲು ಶೌಚಮುಕ್ತವೆಂದು ಘೋಷಿತವಾದವು. 2018ರಲ್ಲಿ ಮಂಡನೆಯಾದ ಸಿಎಜಿ ವರದಿಯಾದರೋ, ಎಂಟು ಜಿಲ್ಲೆಗಳಲ್ಲಿ ಪರಿಶೀಲಿಸಿದ 120 ಪಂಚಾಯಿತಿಗಳ ಶೇ. 29ರಷ್ಟು ಕುಟುಂಬಗಳಿಗೆ ಶೌಚಾಲಯವಿಲ್ಲವೆಂದು ತಿಳಿಸಿತು.

ಹೋಲಿಕೆಗೂ ಎಚ್ಚರ ಬೇಕು. 2018ರ ಜುಲೈ–ಡಿಸೆಂಬರ್ ಅವಧಿಯ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಶೇ. 28.7ರಷ್ಟು ಗ್ರಾಮೀಣ ಕುಟುಂಬಗಳಿಗೆ ಶೌಚಾಲಯದ ಅನುಕೂಲವಿರಲಿಲ್ಲ. ಸರ್ಕಾರಿ ನೆರವು ದೊರೆಯಬಹುದೆಂಬ ಆಸೆಯಿಂದ ಕೆಲವರು ‘ಇಲ್ಲ’ ಎಂದಿರಬಹುದೆಂದು ಆ ವರದಿಯೇ ಎಚ್ಚರಿಸಿದೆ. ಕಟ್ಟಿದ್ದನ್ನು ಎಣಿಸುವುದು ಒಂದು ಬಗೆ, ಬಳಸುವವರನ್ನು ಕೇಳುವುದು ಇನ್ನೊಂದು ಬಗೆ.

ಮಲೆನಾಡಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ನಿಯಮದಂತೆ ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ನಿಯತವಾಗಿ ಬರುವ ನಲ್ಲಿಯೇ ಕಾರ್ಯನಿರತ ನಲ್ಲಿ. ಶ್ರಾವಣದಲ್ಲಿ ತುಂಬಿ ಹರಿಯುವ ಅಬ್ಬಿ ಚೈತ್ರದಲ್ಲಿ ಬತ್ತಿದರೆ ನಲ್ಲಿ ಉಳಿಯುತ್ತದೆ, ನೀರು ಉಳಿಯುವುದಿಲ್ಲ. ಬಯಲುಸೀಮೆಯಲ್ಲಿ ಒಂದೇ ಕೇರಿಯಲ್ಲಿ ಐವತ್ತು ಮನೆಗಳಿದ್ದರೆ, ಇಲ್ಲಿ ಒಂಟಿ ಮನೆಗೆ ಗುಡ್ಡ ದಾಟಿ ಕೊಳವೆ ಹಾಯಿಸಬೇಕು. ಇವೆರಡನ್ನೂ ಒಂದೇ ಅಂಕಿಯಿಂದ ಅಳೆದಾಗ ಗುಡ್ಡದ ಪಂಚಾಯಿತಿ ಸೋಮಾರಿಯಂತೆ ತೋರುತ್ತದೆ. ಗುರಿ ಮುಟ್ಟಬೇಕಾದ ನೌಕರನ ಗಮನವೂ ಸುಲಭವಾಗಿ ಎಣಿಕೆಗೆ ಸಿಗುವ ಮನೆಗಳತ್ತಲೇ ಹರಿಯುತ್ತದೆ.

ಶೇ. 100 ಎಂದು ಒಮ್ಮೆ ದಾಖಲಾದರೆ, ಬಿಟ್ಟುಹೋದ ಮನೆಗೆ ಅನುದಾನ ಕೇಳಲು ಕಾರಣವೇ ಉಳಿಯುವುದಿಲ್ಲ. ತಪ್ಪು ಅಂಕಿಯ ನಿಜವಾದ ಬೆಲೆ ಇದು.

2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣದಂತೆ ಇಂತಹ ಮಾಹಿತಿಯನ್ನು ಪಂಚಾಯಿತಿಗಳು ತಾವಾಗಿಯೇ ಪ್ರಕಟಿಸಬೇಕು. ವಿದ್ಯಾರ್ಥಿಗಳು ಏಪ್ರಿಲ್‌ನಲ್ಲಿ ಪಟ್ಟಿ ಹಿಡಿದು ಮನೆಮನೆಗೆ ನಡೆಯಲಿ. ಕಂಡದ್ದನ್ನು ದಿನಾಂಕ ಸಹಿತ ಬರೆದು ಗ್ರಾಮಸಭೆಯಲ್ಲಿ ಓದಲಿ. ಅದು ನಡಾವಳಿಯಲ್ಲಿ ದಾಖಲಾಗಲಿ. ಪಟ್ಟಿಯಲ್ಲಿರುವ ಮನೆಗಳಿಗಿಂತ ಮೊದಲು, ಪಟ್ಟಿಯಲ್ಲಿಲ್ಲದ ಮನೆಗಳ ಬಾಗಿಲು ತಟ್ಟಲಿ.