ಸಭಾಗಾಯನಕ್ಕೆ ಮುಡಿಪಾದ ಬಾಳು



ದೇವಸನ್ನಿಧಿಯಲ್ಲಿ ಹತ್ತಾರು ಕಂಠಗಳನ್ನು ಒಂದುಗೂಡಿಸಿ ಹಾಡಿಸುವವನ ಕಾಯಕವು ಸಾಮಾನ್ಯವಾದುದಲ್ಲ. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಜೀವನವೇ ಇದಕ್ಕೆ ನಿದರ್ಶನ.

1685ರಲ್ಲಿ ಜನಿಸಿದ ಈತನು ಹತ್ತನೆಯ ವಯಸ್ಸಿಗೇ ತಂದೆತಾಯಿಗಳನ್ನು ಕಳೆದುಕೊಂಡನು. ಹದಿನೆಂಟರ ಹರೆಯದಲ್ಲಿ ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನಾದನು. 1705ರಲ್ಲಿ ಹಿರಿಯ ವಾದಕ ಬುಕ್ಸ್‌ಟೆಹೂಡೆಯ ವಾದನವನ್ನು ಕೇಳಲೆಂದು ಸುಮಾರು 400 ಕಿಲೋಮೀಟರು ದೂರದ ಲ್ಯೂಬೆಕ್‌ಗೆ ಕಾಲ್ನಡಿಗೆಯಲ್ಲಿ ಹೋದನು. ನಾಲ್ಕು ವಾರಗಳ ರಜೆ ಪಡೆದವನು ಹಿಂದಿರುಗಿದುದು ಸುಮಾರು ನಾಲ್ಕು ತಿಂಗಳ ಬಳಿಕ! ಮೇಲಧಿಕಾರಿಗಳ ಆಕ್ಷೇಪಣೆಗೆ ಗುರಿಯಾದರೂ ಗಳಿಸಿದ ವಿದ್ಯೆ ಅವನದಾಯಿತು.

1708ರಲ್ಲಿ ಮ್ಯೂಲ್‌ಹೌಸನ್ ನಗರದ ಕೆಲಸವನ್ನು ಬಿಡುವಾಗ, ದೇವರ ಮಹಿಮೆಗಾಗಿ ಸುವ್ಯವಸ್ಥಿತವಾದ ಚರ್ಚ್ ಸಂಗೀತವೇ ತನ್ನ ಗುರಿಯೆಂದು ಬರೆದುಕೊಟ್ಟನು. ಮುಂದೆ ರಾಜಾಸ್ಥಾನದ ಸಂಗೀತಾಧಿಪತ್ಯ ದೊರೆತರೂ, 1723ರಲ್ಲಿ ಅದನ್ನು ತೊರೆದು, ಲೈಪ್‌ಜಿಗ್ ನಗರದಲ್ಲಿ ಶಾಲಾಬಾಲಕರಿಗೆ ಹಾಡು ಕಲಿಸುವ, ಚರ್ಚುಗಳ ಸಂಗೀತವನ್ನು ನಿರ್ವಹಿಸುವ ಹುದ್ದೆಗೆ ಬಂದನು. ನಗರಸಭೆಗೆ ಈತನು ಮೊದಲ ಆಯ್ಕೆಯೂ ಆಗಿರಲಿಲ್ಲ. 54 ಬಾಲಕರಲ್ಲಿ ಹಾಡಬಲ್ಲವರು ಕೇವಲ 17 ಮಂದಿಯೆಂದು 1730ರಲ್ಲಿ ಈತನೇ ಲೆಕ್ಕ ಕೊಟ್ಟಿದ್ದಾನೆ. ಇಂತಹ ಕೊರತೆಯ ನಡುವೆಯೂ ಆರಂಭದ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿಯನ್ನು ರಚಿಸಿ ಹಾಡಿಸಿದನು. 1750ರಲ್ಲಿ ಮರಣಿಸುವವರೆಗೂ ಆ ಸ್ಥಾನವನ್ನು ಬಿಡಲಿಲ್ಲ.

ದೇವರೊಬ್ಬನಿಗೇ ಮಹಿಮೆ ಎಂಬರ್ಥದ ಮೂರು ಅಕ್ಷರಗಳನ್ನು ಅನೇಕ ಕೃತಿಗಳ ಕೊನೆಯಲ್ಲಿ ಈತನು ಬರೆಯುತ್ತಿದ್ದನು. 1829ರಲ್ಲಿ ಮೆಂಡೆಲ್‌ಸನ್ ಬರ್ಲಿನ್ನಿನಲ್ಲಿ ಈತನ ಮಹಾಕೃತಿಯೊಂದನ್ನು ಹಾಡಿಸಿದಾಗ ಲೋಕವು ಮತ್ತೆ ಬೆರಗಾಯಿತು. ಪದವಿಯಿಂದ ಮನುಷ್ಯನು ದೊಡ್ಡವನಾಗುವುದಿಲ್ಲ. ಹಿಡಿದ ಕಾಯಕವನ್ನು ಅರ್ಪಣೆಯಾಗಿಸಿದಾಗ ಪದವಿಯೇ ದೊಡ್ಡದಾಗುತ್ತದೆ.